ಬಲಗಡೆಯ ಆರು ತೂತುಗಳು

ಏಳನೆಯ ತರಗತಿಗೆ ನಾನು ಗಣಿತ ಹೇಳುತ್ತಿದ್ದ ವರ್ಷ. ಒಂದು ಬೆಳಿಗ್ಗೆ ಮೇಜಿನ ಮೇಲಿದ್ದ ಸೀಮೆಸುಣ್ಣವನ್ನು ಎತ್ತಿ ಹಲಗೆಗೆ ಒತ್ತಿದೊಡನೆ ಅದು ಪುಡಿಯಾಗಿ ಉದುರಿತು. ಬಗ್ಗಿ ಹೆಕ್ಕಿ ನೋಡಿದರೆ ಅದು ಬರಿಯ ಸೀಮೆಸುಣ್ಣವಾಗಿರಲಿಲ್ಲ. ಯಾರೋ ಅದರ ಒಳಗನ್ನು ಟೊಳ್ಳು ಮಾಡಿ, ಪಕ್ಕದಲ್ಲಿ ಸೂಜಿಮೊನೆಯಷ್ಟು ಕಿಟಕಿಗಳನ್ನು ಕೊರೆದು, ಗೋಪುರವೊಂದನ್ನು ಕೆತ್ತಿಟ್ಟಿದ್ದರು. ಯಾರ ಕೆಲಸ ಇದು ಎಂದು ಕೇಳಿದೆ. ಎರಡನೆಯ ಸಾಲಿನಿಂದ ಒಬ್ಬ ತೆಳ್ಳಗಿನ ಹುಡುಗ ಎದ್ದು ನಿಂತ. ಹೇಗೂ ಏಟು ಬೀಳುತ್ತದೆಂದು ಅಂಗೈ ಚಾಚಿಕೊಂಡೇ ಎದ್ದಿದ್ದ. ಮುರಿದದ್ದು ನಾನು, ಹೊಡೆಯಲು ಮನಸ್ಸಾಗಲಿಲ್ಲ. "ಕೂತ್ಕೊಳ್ಳಪ್ಪಾ, ಸೀಮೆಸುಣ್ಣ" ಎಂದೆ. ಅಂದಿನಿಂದ ಅವನಿಗೆ ಅದೇ ಹೆಸರಾಯಿತು. ಈಗ ಅವನ ತಲೆ ಅರ್ಧ ನರೆತಿದೆ. ನಮ್ಮ ಬೀದಿಯವರಿಗೆ ಇಂದಿಗೂ ಅವನು ಸೀಮೆಸುಣ್ಣವೇ.

ಆ ವಾರವೇ ಅವನ ಅಕ್ಕ ಶಾಲೆಗೆ ಬಂದಳು. ಅಂಗಿ ಹೊಲಿಯುವ ಕಾರ್ಖಾನೆಯ ನೀಲಿ ಮೇಲಂಗಿಯಲ್ಲೇ ಬಂದಿದ್ದಳು, ಕೂದಲಲ್ಲಿ ದಾರದ ಎಳೆಗಳು ಸಿಕ್ಕಿಕೊಂಡಿದ್ದವು. ತಮ್ಮನಿಗಿಂತ ಹನ್ನೆರಡು ವರ್ಷ ದೊಡ್ಡವಳು. ಅವನಿಗೆ ಐದಾಗಿದ್ದಾಗ ಅಪ್ಪ ಅಮ್ಮ ಇಬ್ಬರೂ ಇಲ್ಲವಾಗಿ, ಹದಿನೇಳರ ಈ ಹುಡುಗಿಯೇ ಎರಡೂ ಆಗಿದ್ದಳು.

"ಮೇಷ್ಟ್ರೇ, ಸುಣ್ಣದ ಕಡ್ಡಿ ಹಾಳು ಮಾಡಿದ್ರೆ ಹೇಳಿ, ಹೊಸ ಡಬ್ಬಿ ತಂದಿಡ್ತೀನಿ. ಕೆತ್ತಿದ್ದಕ್ಕೆ ಮಾತ್ರ ಬೈಬೇಡಿ. ಮನೇಲಿ ಸೋಪನ್ನೂ ಬಿಡಲ್ಲ ಇವನು. ಬೆಳಿಗ್ಗೆ ಮುಖ ತೊಳ್ಯಕ್ಕೆ ಹೋದ್ರೆ ಕೈಗೆ ಆನೆ ಸಿಗತ್ತೆ."

"ಆನೆಯಲ್ಲಿ ನೊರೆ ಬರುತ್ತದೇನಮ್ಮಾ?"

"ಸೊಂಡ್ಲು ಸವೆಯೋವರೆಗೂ ಬರತ್ತೆ ಮೇಷ್ಟ್ರೇ" ಎಂದು ನಕ್ಕಳು.

ಅವಳ ಕೆಲಸ ಅಂಗಿಗಳಿಗೆ ಕಾಲರು ಕೂರಿಸುವುದು. ಬಲಗೈ ಬಟ್ಟೆಯನ್ನು ಸೂಜಿಯತ್ತ ನೂಕುತ್ತದೆ. ಎಡಗೈ ಅದನ್ನು ಸುತ್ತು ತಿರುಗಿಸುತ್ತದೆ. ಎಡಗೈಯ ಕಿರುಬೆರಳು ಕೊಕ್ಕೆಯಂತೆ ಬಾಗಿ ಬಟ್ಟೆಯ ಅಂಚು ಜಾರದಂತೆ ತಡೆಯುತ್ತದೆ. ದಿನಕ್ಕೆ ಎಂಟು ಗಂಟೆ ಹೀಗೆ ಬಾಗಿ ಬಾಗಿ ಆ ಬೆರಳು ಕೆಲಸ ಮುಗಿದ ಮೇಲೂ ನೆಟ್ಟಗಾಗುವುದನ್ನು ಮರೆತಿತ್ತು. ನನ್ನ ಎದುರು ಕೈಮುಗಿದಾಗಲೂ ಒಂದು ಬೆರಳು ಮಾತ್ರ ಕೈಮುಗಿಯಲು ಒಪ್ಪದೆ ಒಳಕ್ಕೆ ಬಾಗಿ ನಿಂತಿದ್ದನ್ನು ನಾನು ನೋಡಿದ್ದೇನೆ.

ಹುಡುಗ ಓದಿದ, ಮರದ ಕೆಲಸ ಕಲಿತ, ಅರ್ಧ ದಿನದ ಬಸ್ ಪ್ರಯಾಣದಷ್ಟು ದೂರದ ದೊಡ್ಡ ಊರಿನಲ್ಲಿ ಕೆಲಸ ಹಿಡಿದ. ಮೊಬೈಲ್ ಫೋನು ತಯಾರಿಸುವ ಒಂದು ಕಂಪನಿಯ ಮಾದರಿ ಕೋಣೆ. ಫೋನು ಹುಟ್ಟುವುದಕ್ಕೆ ಒಂದು ವರ್ಷ ಮೊದಲೇ ಅದರ ಮರದ ಬೊಂಬೆ ಅಲ್ಲಿ ಹುಟ್ಟುತ್ತದೆ. ಎಷ್ಟು ಅಗಲ, ಎಷ್ಟು ದಪ್ಪ, ಗುಂಡಿ ಎಲ್ಲಿ, ಚಾರ್ಜರ್ ಸಿಕ್ಕಿಸುವ ಬಾಯಿ ಎಲ್ಲಿ, ಧ್ವನಿ ಹೊರಡುವ ಸ್ಪೀಕರಿನ ತೂತು ಎಲ್ಲಿ ಎಂಬುದೆಲ್ಲ ಮೊದಲು ಮರದಲ್ಲಿ ತೀರ್ಮಾನವಾಗಬೇಕು. ಸೋಪಿನಲ್ಲಿ ಆನೆ ಕೆತ್ತಿದವನಿಗೆ ಇದಕ್ಕಿಂತ ಒಪ್ಪುವ ಕೆಲಸ ಇನ್ನೇನಿದೆ?

ಅವನಿಗೆ ಮದುವೆಯಾಯಿತು, ಮಗಳು ಹುಟ್ಟಿದಳು. ಅಕ್ಕ, ತನ್ನ ಮದುವೆಯ ಮಾತೆತ್ತಿದವರಿಗೆ "ನನಗೆ ಒಬ್ಬ ಮಗ ಇದ್ದಾನಲ್ಲ, ಇನ್ನೊಬ್ಬನ್ನ ಹೆರೋಕೆ ಬೇಜಾರು" ಎಂದು ಹೇಳಿ ಹೇಳಿ ವಯಸ್ಸು ಕಳೆದಳು. ಕಾಲರಿನ ಸಾಲಿನಲ್ಲಿ ಮೇಲ್ವಿಚಾರಕಿಯಾದಳು. ಅಕ್ಕ ತಮ್ಮಂದಿರ ನಡುವೆ ಉಳಿದದ್ದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಯ ಫೋನು. ಹದಿನೈದು ವರ್ಷ ಒಂದು ಭಾನುವಾರವೂ ತಪ್ಪಲಿಲ್ಲ. ಗುಂಡಿ ಒತ್ತುವ ಹಳೆಯ ಪುಟ್ಟ ಫೋನನ್ನು ಹಿಡಿದು ಅವಳು ಮನೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ನಾನು ತರಕಾರಿ ಚೀಲ ಹಿಡಿದು ಹೋಗುವಾಗ ಕೈಯಲ್ಲೇ ಸನ್ನೆ ಮಾಡುತ್ತಿದ್ದಳು, ಅವನೇ, ಅವನೇ ಎಂದು. ಅಷ್ಟೇ ಅವಳ ವಾರದ ಆಸ್ತಿ. ಅದನ್ನು ಕಿತ್ತುಕೊಂಡದ್ದು ಯಾರು ಎಂದು ಹೇಳಲು ಈ ಕತೆ ಬರೆಯುತ್ತಿದ್ದೇನೆ.

ಮಾದರಿ ಕೋಣೆಯಲ್ಲಿ ಸೀಮೆಸುಣ್ಣ ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದ. ಮರದ ಫೋನಿಗೆ ಕಪ್ಪು ಬಣ್ಣ ಬಳಿಯುವುದು. ಬಂದವರ ಅಂಗೈಗೆ ಸೀಮೆಸುಣ್ಣದ ಪುಡಿ ಸವರುವುದು. "ನಿಮಗೆ ಹೇಗೆ ಬೇಕೋ ಹಾಗೆ ಹಿಡ್ಕೊಳ್ಳಿ, ಮಾತಾಡಿದ ಹಾಗೆ ಮಾಡಿ, ಕೆಳಗಿಡಿ" ಎನ್ನುವುದು. ಕೈ ಮುಟ್ಟಿದಲ್ಲೆಲ್ಲ ಬಿಳುಪು; ಮುಟ್ಟದ ಕಡೆ ಕಪ್ಪು. ಕಪ್ಪು ಉಳಿದಲ್ಲಿ ಮಾತ್ರ ತೂತು ಕೊರೆಯಬಹುದು. ಇಷ್ಟಕ್ಕೆ ಯಂತ್ರವೂ ಬೇಡ, ಲೆಕ್ಕಾಚಾರವೂ ಬೇಡ. ಆದರೆ ಒಂದು ನಿಯಮವಿತ್ತು. ಪ್ರತಿ ಸಲವೂ ಹೊಸ ಕೈ ಬೇಕು. ಒಮ್ಮೆ ಹಿಡಿದ ಕೈ ಹಳೆಯ ಕೈ.

"ಯಾಕೆ ಗೊತ್ತಾ ಸಾರ್?" ಎಂದು ಒಮ್ಮೆ ನನಗೆ ವಿವರಿಸಿದ್ದ. "ತೂತು ಎಲ್ಲಿದೆ ಅಂತ ಕೈಗೆ ಒಂದು ಸಲ ತಿಳಿದ್ರೆ ಮುಗೀತು. ನಮಗೇ ಗೊತ್ತಿಲ್ಲದ ಹಾಗೆ ಬೆರಳು ಪಕ್ಕಕ್ಕೆ ಸರಿಯತ್ತೆ. ಫೋನ್ ಮಾಡೋರು ಯಾರೂ ಅವರ ಫೋನನ್ನ ತಾವೇ ಪರೀಕ್ಷೆ ಮಾಡೋಕಾಗಲ್ಲ. ಅವರ ಕೈ ಸುಳ್ಳು ಹೇಳತ್ತೆ."

ಬೀದಿಯಲ್ಲಿ ಹೋಗುವವರನ್ನು, ಸಾಮಾನು ತಲುಪಿಸಲು ಬಂದವರನ್ನು, ಬಸ್ಸಿಗೆ ಕಾಯುವವರನ್ನು ಕರೆದು ಅವರ ಕೈಗೆ ಪುಡಿ ಬಳಿಯುತ್ತಿದ್ದ. ಬಟ್ಟೆಯೆಲ್ಲ ಸುಣ್ಣವಾಯಿತೆಂದು ಬೈಸಿಕೊಳ್ಳುತ್ತಿದ್ದ.

ಐದು ವರ್ಷದ ಹಿಂದೆ ಆ ಕಂಪನಿ ವಯಸ್ಸಾದವರಿಗಾಗಿಯೇ ಒಂದು ಫೋನು ತರಲು ಹೊರಟಿತು. ದೊಡ್ಡ ಸ್ಕ್ರೀನು, ದೊಡ್ಡ ಅಕ್ಷರ. ಕಿವಿ ಮಂದವಾದವರಿಗೆ ಅನುಕೂಲವಾಗಲೆಂದು ಕರೆಯ ಮಾತೆಲ್ಲ ಗಟ್ಟಿ ಸ್ಪೀಕರಿನಲ್ಲೇ ಕೇಳುವ ಏರ್ಪಾಡು. ಕಿವಿಯ ಹತ್ತಿರಕ್ಕೆಂದು ಬೇರೆ ಸ್ಪೀಕರೇ ಇಲ್ಲ, ಇರುವುದು ಒಂದೇ. ಆ ಒಂದನ್ನು ಎಲ್ಲಿಡಬೇಕು?

ಸೀಮೆಸುಣ್ಣ ಅದನ್ನು ಮುಂಭಾಗದಲ್ಲಿ, ಸ್ಕ್ರೀನಿನ ನೆತ್ತಿಯ ಮೇಲೆ ಕೊರೆದು ತೋರಿಸಿದ. ಒಳಗಿನ ಬೋರ್ಡು ಜೋಡಿಸುವ ಇಂಜಿನಿಯರ್ ತಲೆಯಾಡಿಸಿದ. ಕೂದಲೆಳೆಯಷ್ಟು ಜಾಗಕ್ಕೂ ಜಗಳವಾಡುತ್ತಿದ್ದ ಅವನಿಗೆ ಇಡೀ ಕಚೇರಿ ಮಿಲಿಮೀಟರ್ ಎಂದು ಹೆಸರಿಟ್ಟಿತ್ತು.

"ನಿನ್ನ ಮರದ ತುಂಡಿಗೆ ಎಲ್ಲಿ ಬೇಕಾದ್ರೂ ತೂತು ಕೊರೀಬಹುದು ಮಾರಾಯ. ನನ್ನ ಬೋರ್ಡು ಇರೋದು ಕೆಳಗೆ. ಚಾರ್ಜರ್ ಬಾಯಿ ಮಧ್ಯದಲ್ಲಿ, ಎಡಗಡೆ ಮೈಕು, ಬಲಗಡೆ ಸ್ಪೀಕರು. ಮೂರೂ ಒಂದೇ ಪಟ್ಟಿ. ಮೇಲೆ ಕೂರಿಸ್ಬೇಕು ಅಂದ್ರೆ ಅಲ್ಲೀವರೆಗೂ ತಂತಿ ಎಳೀಬೇಕು, ಬ್ಯಾಟರಿ ಸಣ್ಣದಾಗತ್ತೆ."

"ಕೆಳಗೆ ಇಟ್ರೆ ಕೈ ಅಡ್ಡ ಬರತ್ತಲ್ಲ?"

"ಎಲ್ಲಿ ಬರತ್ತೆ? ನೋಡು, ನಾನು ಹಿಡ್ಕೊಂಡಿದೀನಿ. ಬಂತಾ?"

ಮಿಲಿಮೀಟರಿಗೆ ಮೂವತ್ತು ವಯಸ್ಸು. ಬಲಗೈಯಲ್ಲಿ ಹಿಡಿದು ಅದೇ ಕೈಯ ಹೆಬ್ಬೆರಳಿನಿಂದ ಒತ್ತುವವನು. ಅವನ ಕೈ ಬಲಗಡೆಯ ತೂತಿನ ತಂಟೆಗೇ ಹೋಗುವುದಿಲ್ಲ.

ತೀರ್ಮಾನವನ್ನು ವಿಭಾಗದ ಮುಖ್ಯಸ್ಥರು ಸೀಮೆಸುಣ್ಣನಿಗೇ ಬಿಟ್ಟರು. ಫೋನಿನ ಕವಚದ ಅಚ್ಚು ತಯಾರಾಗುವ ಮೊದಲು 'ಹಿಡಿತದ ಪರೀಕ್ಷೆ' ಎಂಬ ಹಾಳೆಗೆ ಅವನ ಸಹಿ ಬೀಳಬೇಕು. "ಶುಕ್ರವಾರ ಹಾಳೆ ನನ್ನ ಮೇಜಿನ ಮೇಲಿರ್ಲಿ" ಎಂದರು. ಅಂದು ಬುಧವಾರ. ಅವನು ಒಂದು ದಿನದ ರಜೆ ಕೇಳಿದ. ಮರದ ಫೋನನ್ನು ಅಕ್ಕನ ಹತ್ತಿರ ಒಯ್ದು, ಅವಳ ಸಾಲಿನ ಹೆಂಗಸರ ಕೈಗೆಲ್ಲ ಕೊಟ್ಟು ನೋಡುತ್ತೇನೆ ಎಂದ. ಮುಖ್ಯಸ್ಥರು ನಕ್ಕರು. "ಈ ಕಟ್ಟಡದಲ್ಲಿ ಕೈಗಳಿಗೆ ಬರಗಾಲವೇನ್ರೀ?"

ಅವನು ಒತ್ತಾಯ ಮಾಡಲಿಲ್ಲ. ಮುಂದೆ ನನಗೆ ಇದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಬಾಗಿಲು ಕಾಯುವ ಅರವತ್ತು ವರ್ಷದ ಮುದುಕ, ಕಸ ಗುಡಿಸುವ ಹೆಂಗಸು, ಚಹಾ ತರುವವನು, ಹೀಗೆ ಹನ್ನೊಂದು ಜನರ ಕೈಗೆ ಪುಡಿ ಬಳಿದ. ಕೆಳ ಅಂಚಿನಲ್ಲಿ ಸ್ಪೀಕರಿಗೆಂದು ಕೊರೆದಿದ್ದ ಬಲಗಡೆಯ ಆರು ತೂತುಗಳು ಕಪ್ಪಾಗಿಯೇ ಉಳಿದವು. ಮನೆಗೆ ಒಯ್ದು ಹೆಂಡತಿಯ ಎಡಗೈಗೆ ಕೊಟ್ಟ, ಕಣ್ಣು ಮುಚ್ಚಿಸಿ ಕೊಟ್ಟ. ಆಗಲೂ ಕಪ್ಪು. ಹನ್ನೆರಡು ಕೈ! ಆದರೆ ಆ ಹನ್ನೆರಡರಲ್ಲಿ ಹೊಸ ಕೈ ಒಂದೂ ಇರಲಿಲ್ಲ. ಬಾಗಿಲು ಕಾಯುವವನು ವರ್ಷಗಳಿಂದ ಅವನ ಬೊಂಬೆಗಳನ್ನು ಹಿಡಿದವನು. ಹೆಂಡತಿಯೋ, ಮದುವೆಯಾದ ಲಾಗಾಯ್ತಿನಿಂದ ಅಡುಗೆಮನೆಯ ಕಟ್ಟೆಯ ಮೇಲೆ ಮರದ ಫೋನುಗಳ ನಡುವೆ ತರಕಾರಿ ಹೆಚ್ಚಿದವಳು. ಕಣ್ಣು ಮುಚ್ಚಿದರೂ ಅವಳ ಬೆರಳು ತೂತನ್ನು ಮೂಸಿ ಸರಿಯುತ್ತಿತ್ತು. ತಾನೇ ಮಾಡಿದ ನಿಯಮವನ್ನು ತಾನೇ ಮುರಿಯುತ್ತಿದ್ದೇನೆಂದು ಅವನಿಗೆ ತಿಳಿದಿತ್ತು. ಆದರೂ ಶುಕ್ರವಾರ 'ಕೈ ಅಡ್ಡ ಬರುವುದಿಲ್ಲ' ಎಂದು ಬರೆದು ಸಹಿ ಹಾಕಿದ. ಬೇಗ ಮುಗಿದರೆ ಬೇಗ ಫೋನು ಬರುತ್ತದೆ, ಬಂದರೆ ಮೊದಲನೆಯದನ್ನು ಅಕ್ಕನಿಗೆ ಕೊಡಬಹುದು ಎಂಬ ಆಸೆಯೂ ಆ ಸಹಿಯಲ್ಲಿ ಸೇರಿತ್ತು.

ಫೋನು ಬಂತು. ಕೊಡಲು ಅವನೇ ಬಂದ. ನನ್ನನ್ನೂ ಕರೆದಿದ್ದ. ಮೇಜಿನ ಮೇಲಿಟ್ಟು ಬಾರಿಸಿದ. ಪಕ್ಕದ ಮನೆಯವರು ಇಣುಕಿ ನೋಡುವಷ್ಟು ಸದ್ದು. ತಾನು ಹಿಡಿದುಕೊಂಡು ಹೆಂಡತಿಯ ಧ್ವನಿ ಕೇಳಿಸಿದ. ಆಕೆ ಇಲ್ಲೇ ಕೋಣೆಯಲ್ಲಿ ಕೂತಂತೆ ಕೇಳಿಸಿತು.

"ಇದನ್ನ ನೀನೇ ಮಾಡಿದ್ದಾ ಪುಟ್ಟ?"

"ಮೊದಲು ಮರದಲ್ಲಿ ನಾನೇ ಮಾಡಿದ್ದು, ಅಕ್ಕ."

"ಆನೆಗಿಂತ ಚೆನ್ನಾಗಿದೆ ಬಿಡು. ಕಾಲಿಲ್ಲ ಅಷ್ಟೆ" ಎಂದು ಅದನ್ನು ಸೆರಗಿನಿಂದ ಒರೆಸಿದಳು. ಹಳೆಯ ಫೋನನ್ನು ಪೆಟ್ಟಿಗೆಗೆ ಹಾಕಿದಳು. ಸಂಜೆಯ ಬಸ್ಸಿಗೆ ಅವನು ಹೊರಟುಹೋದ. ಅವಳು ಅದನ್ನು ಹಿಡಿದು ಮಾತಾಡುವುದನ್ನು ಅಂದು ನಾವು ಯಾರೂ ನೋಡಲಿಲ್ಲ.

ವಯಸ್ಸಾದವರು ದೊಡ್ಡ ಫೋನನ್ನು ಹಿಡಿಯುವ ರೀತಿಯನ್ನು ನೀವು ಗಮನಿಸಿರಬಹುದು. ಎಡ ಅಂಗೈಯಲ್ಲಿ ತಟ್ಟೆಯಂತೆ ಹಿಡಿದು ಬಲಗೈಯ ತೋರುಬೆರಳಿನಿಂದ ಒತ್ತುತ್ತೇವೆ. ಜಾರಿ ಬೀಳದಿರಲೆಂದು ಎಡಗೈಯ ಕಿರುಬೆರಳು ಕೆಳಗಿನಿಂದ ಆನಿಕೆ ಕೊಡುತ್ತದೆ. ಅದು ಬಂದು ಕೂರುವುದು ಸರಿಯಾಗಿ ಬಲಗಡೆ, ಆ ಆರು ತೂತುಗಳ ಮೇಲೆ. ನಮ್ಮ ನಿಮ್ಮ ಬೆರಳಾದರೆ ಒಮ್ಮೊಮ್ಮೆ ಸರಿದೀತು. ಅವಳ ಬೆರಳು ಮೂವತ್ತು ವರ್ಷ ಕಾಲರಿನ ಅಂಚು ತಡೆದ ಕೊಕ್ಕೆ. ಒಮ್ಮೆ ಕೂತರೆ ಬಿರಡೆ ಹಾಕಿದಂತೆ.

ಮುಂದಿನ ಭಾನುವಾರ ಹತ್ತಕ್ಕೆ ಫೋನು ಸದ್ದು ಮಾಡಿತು. ಅವಳು ಎತ್ತಿದಳು. ತಮ್ಮನ ಧ್ವನಿ ಹೊದಿಕೆಯೊಳಗಿನಿಂದ ಬಂದಂತೆ ಗುಂಯ್‌ಗುಟ್ಟಿತು. ಒಂದು ಮಾತೂ ಬಿಡಿಯಾಗಲಿಲ್ಲ. ಎರಡನೆಯ ವಾರವೂ ಹಾಗೆಯೇ. ಹೊಸ ಫೋನು ಕೆಟ್ಟಿದೆ ಎಂದು ಅವಳಿಗೆ ಹೇಗೆ ತೋಚೀತು? ಅದು ತಮ್ಮ ಮಾಡಿದ ಫೋನು. ತನ್ನ ಕಣ್ಣೆದುರೇ ಮನೆ ತುಂಬ ಕೂಗಿದೆ. ಕೆಟ್ಟಿದ್ದರೆ ತನ್ನ ಕಿವಿಯೇ ಕೆಟ್ಟಿರಬೇಕು. ಕಾರ್ಖಾನೆಯ ಇನ್ನೂರು ಯಂತ್ರಗಳ ನಡುವೆ ಕೆಲಸ ಮಾಡಿದವರಲ್ಲಿ ಐವತ್ತು ದಾಟಿದ ಮೇಲೆ ಕಿವಿ ಉಳಿಸಿಕೊಂಡವರು ಕಡಿಮೆ. ತನ್ನ ಸರದಿ ಬಂತು ಎಂದುಕೊಂಡಳು. ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದರಿಂದ, ತುಟಿ ನೋಡಿಯೇ ತಿಳಿಯುವುದರಿಂದ, ಕೇಳುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಲು ದಾರಿಯೂ ಇರಲಿಲ್ಲ. ಮನೆಯಲ್ಲಿ ಒಬ್ಬಳೇ.

ತಮ್ಮನಿಗೆ ಹೇಳಲು ನಾಚಿಕೆಯಾಯಿತು. ಇಷ್ಟು ಪ್ರೀತಿಯಿಂದ ತಂದುಕೊಟ್ಟಿದ್ದಾನೆ, ಕಿವುಡಿಗೆ ಕೊಟ್ಟೆ ಎಂದು ನೊಂದುಕೊಳ್ಳುವುದು ಬೇಡ ಎಂದುಕೊಂಡಳು. ಒಂದು ಉಪಾಯ ಹುಡುಕಿದಳು. ಗುಂಯ್‌ಗುಡುವ ಸದ್ದು ನಿಂತಾಗ "ಹೂಂ" ಎನ್ನುವುದು. ಮತ್ತೆ ನಿಂತಾಗ "ಹೌದಾ" ಎನ್ನುವುದು. ಕೊನೆಗೆ "ಒಳ್ಳೇದಾಯ್ತು ಬಿಡು, ಎಲ್ಲಾ ಚೆನ್ನಾಗಿರಿ, ಇಡ್ತೀನಿ" ಎಂದು ಮುಗಿಸುವುದು. ಎಡಗಡೆಯ ಮೈಕಿನ ತೂತಿಗೆ ಅಡ್ಡ ಏನೂ ಇಲ್ಲದ್ದರಿಂದ ಅವಳ ಮಾತು ಅವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅಕ್ಕ ಏಕೋ ಮಾತು ಕಡಿಮೆ ಮಾಡಿದ್ದಾಳೆ ಎಂದಷ್ಟೇ ಅವನು ತಿಳಿದ. ಸಾಲಿನ ಮೇಲ್ವಿಚಾರಕಿ ದಿನಕ್ಕೆ ನಾಲ್ಕು ಸಲ ಫೋನಿನಲ್ಲಿ ಮಾತಾಡಬೇಕು. ತನ್ನಿಂದಾಗದೆಂದು ಅವಳು ತಾನಾಗಿಯೇ ಆ ಸ್ಥಾನ ಬಿಟ್ಟು ದಾರದ ತುದಿ ಕತ್ತರಿಸುವ ಮೇಜಿಗೆ ಹೋಗಿ ಕೂತಳು.

ಹೀಗಿರುವಾಗ ಅವನ ಹೆಂಡತಿಯ ಹೊಟ್ಟೆಯಲ್ಲಿ ಒಂದು ಗಡ್ಡೆ ಕಾಣಿಸಿತು. ಬುಧವಾರ ಶಸ್ತ್ರಚಿಕಿತ್ಸೆ. ಮನೆಯಲ್ಲಿ ಆರು ವರ್ಷದ ಮಗಳು. ಅವನು ಭಾನುವಾರ ಹತ್ತಕ್ಕೆ ಅಕ್ಕನಿಗೆ ಎಲ್ಲವನ್ನೂ ಹೇಳಿಕೊಂಡ. ಗಡ್ಡೆ ಯಾವ ಬಗೆಯದೆಂದು ತೆಗೆದ ಮೇಲೇ ಗೊತ್ತಾಗುವುದಂತೆ, ಇವಳು ತುಂಬಾ ಹೆದರಿದ್ದಾಳೆ, ಮಂಗಳವಾರ ಸಂಜೆಯೊಳಗೆ ಇಲ್ಲಿಗೆ ಬಂದುಬಿಡು, ನೀನಿದ್ದರೆ ನಮಗೆ ಧೈರ್ಯ ಎಂದ. ಹೆಂಡತಿ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು.

"ಹೂಂ. ಒಳ್ಳೇದಾಯ್ತು ಬಿಡು, ಎಲ್ಲಾ ಚೆನ್ನಾಗಿರಿ, ಇಡ್ತೀನಿ" ಎಂದು ಅಕ್ಕನ ಧ್ವನಿ ಆ ಕೋಣೆಯಲ್ಲಿ ಗಟ್ಟಿಯಾಗಿ ಕೇಳಿತು.

ಆದರೂ ಅವನು ಮಂಗಳವಾರ ಬಸ್ ನಿಲ್ದಾಣಕ್ಕೆ ಹೋದ. ಐದರ ಬಸ್ಸು ಬಂತು, ಆರೂವರೆಯದು ಬಂತು. ಅಲ್ಲಿಂದಲೇ ಫೋನು ಮಾಡಿದ. ಅವಳದು ಎರಡನೆಯ ಪಾಳಿ, ಫೋನು ಕಾರ್ಖಾನೆಯ ಗೇಟಿನ ಕಪಾಟಿನಲ್ಲಿತ್ತು. ಕೆಲಸ ಬಿಟ್ಟಾಗ ಅವಳು ಆ ಕರೆಯ ಗುರುತು ನೋಡಿದಳಂತೆ. ಮರಳಿ ಮಾಡಿ ಏನು ಕೇಳಿಸಿಕೊಳ್ಳಲಿ ಎಂದು ಸುಮ್ಮನಾದಳಂತೆ. ಬುಧವಾರ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಅವನು ಆಸ್ಪತ್ರೆಯ ಬಾಗಿಲಲ್ಲಿ ಒಬ್ಬನೇ ಕೂತಿದ್ದ. ಗಡ್ಡೆ ಕೆಟ್ಟದ್ದಾಗಿರಲಿಲ್ಲ. ಹೆಂಡತಿ ಎಚ್ಚರವಾಗಿ ಕೇಳಿದ ಮೊದಲ ಮಾತು, "ಬಂದ್ರಾ ನಿಮ್ಮಕ್ಕ?"

ಮುಂದಿನ ಭಾನುವಾರ ಹತ್ತಕ್ಕೆ ಅವನು ಫೋನು ಮಾಡಲಿಲ್ಲ. ಅದರ ಮುಂದಿನ ಭಾನುವಾರವೂ ಮಾಡಲಿಲ್ಲ. ಹೀಗೆ ಮೂರು ವರ್ಷ ಕಳೆಯಿತು. ಅಕ್ಕ ಮೆಟ್ಟಿಲ ಮೇಲೆ ಕೂರುವುದನ್ನು ಬಿಡಲಿಲ್ಲ. ಫೋನು ಮಡಿಲಲ್ಲಿರುತ್ತಿತ್ತು. ನಾನು ತರಕಾರಿ ಚೀಲ ಹಿಡಿದು ಹೋಗುವಾಗ ಈಗ ಸನ್ನೆ ಇರುತ್ತಿರಲಿಲ್ಲ. ಏನಮ್ಮಾ ಎಂದರೆ ಏನಿಲ್ಲ ಮೇಷ್ಟ್ರೇ ಎನ್ನುತ್ತಿದ್ದಳು. ಕಿವುಡಿಯ ಹತ್ತಿರ ಕೂಗಿ ಕೂಗಿ ತಮ್ಮನಿಗೆ ಸಾಕಾಗಿರಬೇಕು ಎಂದು ಅವಳು ನಂಬಿದ್ದಳು. ಅಕ್ಕನ ಕರುಳು ಕಲ್ಲಾಯಿತು ಎಂದು ಅವನು ನಂಬಿದ್ದ.

ಅವಳು ಕೆಲಸದಿಂದ ನಿವೃತ್ತಳಾದ ವಾರ ನಮ್ಮ ಮನೆಗೆ ಬಂದಳು. ಫೋನನ್ನು ಮೇಜಿನ ಮೇಲಿಟ್ಟಳು.

"ಮೇಷ್ಟ್ರೇ, ಇನ್ಮೇಲೆ ನಾನು ಮನೇಲೇ ಇರ್ತೀನಿ ಅಂತ ಅವನಿಗೆ ಒಂದು ಮಾತು ಹೇಳ್ಬೇಕು. ನಂಗೆ ಕಿವಿ ಇಲ್ಲ. ನೀವೇ ಹೇಳಿಬಿಡಿ."

"ಕಿವಿ ಇಲ್ಲವೇ? ಯಾವಾಗಿನಿಂದಮ್ಮಾ?"

"ಮೂರು ವರ್ಷದ ಮೇಲಾಯ್ತು."

ನನ್ನ ಗಂಟಲು ಕೊನೆಯ ಬೆಂಚಿಗೂ ಮುಟ್ಟಿದ ಗಂಟಲು. ನಾನು ಮನೆಯಲ್ಲೂ ಪಾಠ ಹೇಳಿದಂತೆಯೇ ಮಾತಾಡುತ್ತೇನೆ ಎಂದು ನನ್ನಾಕೆಯ ದೂರು. ಹಾಗಾಗಿ, ಕಿವಿ ಇಲ್ಲವೆಂದವಳು ನನ್ನ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟದ್ದು ನನಗೆ ವಿಚಿತ್ರವೆನ್ನಿಸಲಿಲ್ಲ. ಮಕ್ಕಳ ತಪ್ಪು ಹುಡುಕುವುದರಲ್ಲೇ ಆಯುಷ್ಯ ಕಳೆದವನಿಗೆ ಅಂದು ಎದುರಿಗಿದ್ದ ತಪ್ಪು ಕಾಣಲಿಲ್ಲ. ಅವನ ಮಾತು ಕೇಳಿಸದೆ ಎದುರಿಗೆ ಕೂರಲಾರೆನೆಂದು ಅವಳು ಹಿತ್ತಲಿಗೆ ಹೋದಳು; ನಾನು ಫೋನನ್ನು ಮೇಜಿನ ಮೇಲಿಟ್ಟೇ ಅವನಿಗೆ ಕರೆ ಮಾಡಿದೆ.

"ಹಲೋ" ಎಂದ. ಅಕ್ಕನ ನಂಬರು ನೋಡಿ ಎತ್ತಿದ್ದರಿಂದ ಧ್ವನಿ ಬಿಗಿಯಾಗಿತ್ತು.

"ನಾನಪ್ಪಾ, ನಿನ್ನ ಮೇಷ್ಟ್ರು. ನಿನ್ನಕ್ಕ ಇಲ್ಲೇ ಇದ್ದಾಳೆ. ಪಾಪ, ಅವಳಿಗೆ ಕಿವಿ ಕೇಳಿಸುವುದಿಲ್ಲ."

"ಏನ್ ಸಾರ್? ಯಾವಾಗಿಂದ?"

"ಮೂರು ವರ್ಷದ ಮೇಲಾಯಿತಂತೆ. ತಗೋ, ಅವಳ ಕೈಗೇ ಕೊಡುತ್ತೇನೆ."

ಕೂಗಿ ಕರೆದೆ; ಅವಳು ಒಳಗೆ ಬಂದು ಎಡಗೈಯಲ್ಲಿ ತೆಗೆದುಕೊಂಡಳು. ಒಂದು ಕ್ಷಣ ಕಿವಿಯ ಹತ್ತಿರ ಹಿಡಿದಳು. "ನೋಡಿ ಮೇಷ್ಟ್ರೇ, ಬರೀ ಗುಂಯ್ ಅನ್ನತ್ತೆ" ಎಂದು ಮರಳಿ ಕೊಟ್ಟು ಮತ್ತೆ ಹಿತ್ತಲಿಗೆ ಹೋದಳು. ನಾನು ಕನಿಕರದಿಂದ ತಲೆಯಾಡಿಸಿ ಬಲಗೈಯಲ್ಲಿ ತೆಗೆದುಕೊಂಡೆ. ಅತ್ತಲಿಂದ ಅವನು ಕೇಳುತ್ತಿದ್ದ.

"ಸಾರ್, ಅದು ನಾನು ಕೊಟ್ಟ ಫೋನಾ?"

"ಹೌದಪ್ಪಾ."

"ಯಾವ ಕೈಯಲ್ಲಿ ಹಿಡಿದಿದ್ಲು?"

"ಎಡಗೈ."

ಅವನು ಫೋನು ಇಟ್ಟುಬಿಟ್ಟ.

ಮಾರನೆಯ ದಿನ ಮೊದಲ ಬಸ್ಸಿಗೆ ಬಂದಿಳಿದು ನನ್ನನ್ನು ಕರೆದುಕೊಂಡೇ ಅಕ್ಕನ ಮನೆಗೆ ಹೋದ. ಅವಳು ಬಚ್ಚಲಿನಲ್ಲಿ ಬೆನ್ನು ಹಾಕಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ಬಾಗಿಲಲ್ಲಿ ನಿಂತು, ಮಗು ಮಲಗಿರುವ ಮನೆಯಲ್ಲಿ ಮಾತಾಡುವಷ್ಟು ಮೆಲ್ಲನೆ, "ಅಕ್ಕ" ಎಂದ.

ಪಾತ್ರೆಯ ಸದ್ದು ನಿಂತಿತು. ಅವಳು ತಿರುಗಿದಳು. "ಪುಟ್ಟಾ!"

ಕೇಳಿಸಿತಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಕೈ ಒರೆಸಿಕೊಳ್ಳುತ್ತ ಬಂದಳು, ಎಷ್ಟು ಸೊರಗಿದ್ದೀಯ, ಮಗು ಎಷ್ಟುದ್ದ ಆಗಿದೆ ಎಂದು ಒಂದರ ಮೇಲೊಂದು ಕೇಳಿದಳು. ಅವಳ ಹೊಲಿಗೆಯ ಡಬ್ಬಿಯಲ್ಲಿ ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆ ಇತ್ತು. ಅವನು ಅದನ್ನು ತೆಗೆದು ಅವಳ ಎಡ ಅಂಗೈಗೆ, ಐದೂ ಬೆರಳಿಗೆ ಉಜ್ಜಿದ.

"ಏನೋ ಇದು, ಇನ್ನೂ ಬುದ್ಧಿ ಬಂದಿಲ್ವೇನೋ ನಿಂಗೆ?"

"ಫೋನ್ ಹಿಡ್ಕೋ ಅಕ್ಕ. ಯಾವಾಗ್ಲೂ ಹಿಡಿಯೋ ಹಾಗೆ."

ಹಿಡಿದಳು. ಅವನು ಮೆಲ್ಲನೆ ಅದನ್ನು ಬಿಡಿಸಿಕೊಂಡು ತಲೆಕೆಳಗು ಮಾಡಿದ. ಕಪ್ಪು ಫೋನಿನ ಕೆಳ ಅಂಚಿನಲ್ಲಿ ಚಾರ್ಜರ್ ಬಾಯಿ ಕಪ್ಪಾಗಿತ್ತು, ಮೈಕಿನ ತೂತು ಕಪ್ಪಾಗಿತ್ತು. ಬಲಗಡೆ ಮಾತ್ರ ಬಿಳಿ ಗೆರೆ. ಆರು ತೂತುಗಳಲ್ಲಿ ಒಂದೂ ಹೊರಗುಳಿದಿರಲಿಲ್ಲ.

ಅವನು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಹೊಸ ಕೈಯ ನಿಯಮ, ಶುಕ್ರವಾರದ ಹಾಳೆ, ಹೆಂಡತಿಯ ಗಡ್ಡೆ, ಬಸ್ ನಿಲ್ದಾಣ. ಅವಳು ಗಡ್ಡೆಯ ವಿಷಯ ಕೇಳಿದ್ದು ಅಂದೇ ಮೊದಲು.

"ನಾನು ಅದಕ್ಕೆ ಒಳ್ಳೇದಾಯ್ತು ಅಂದ್ನಾ?"

"ಹೂಂ."

"ನಿನ್ನ ಹೆಂಡ್ತಿ ಕೇಳಿಸ್ಕೊಂಡ್ಲಾ?"

"ಹೂಂ."

ಅವಳು ಸುಣ್ಣ ಮೆತ್ತಿದ ಕೈಯನ್ನು ಅವನ ಮುಖದೆದುರು ಹಿಡಿದಳು. "ಊರೋರ ಕೈಗೆಲ್ಲ ಸುಣ್ಣ ಬಳಿದ್ಯಲ್ಲೋ. ಈ ಕೈಯಲ್ಲಿ ತಾನೇ ನಿನಗೆ ತುತ್ತು ಹಾಕಿದ್ದು. ಈ ಬೆರಳು ನೆಟ್ಟಗಾಗಲ್ಲ ಅಂತ ನಿಂಗೆ ಗೊತ್ತಿರ್ಲಿಲ್ವಾ?"

ಅವನು, "ಬೆರಳು ಸ್ವಲ್ಪ ಈಚೆಗಿಟ್ರೆ ಸಾಕಕ್ಕ" ಎಂದು ತೋರಿಸಲು ಹೋದ. ಅವಳು ಪ್ರಯತ್ನಪಟ್ಟಳು. ಕಿರುಬೆರಳ ಆನಿಕೆ ತಪ್ಪಿದೊಡನೆ ಫೋನು ಕೈಜಾರಿ ನೆಲಕ್ಕೆ ಬಿತ್ತು. ಅವಳು ಬಗ್ಗಲಿಲ್ಲ. "ತಗೊಂಡು ಹೋಗು" ಎಂದಳು.

ಆ ಫೋನನ್ನು, ಸುಣ್ಣದ ಗುರುತು ಅಳಿಸದ ಹಾಗೆ ಕಾಗದ ಸುತ್ತಿ, ಅವನು ಮುಖ್ಯಸ್ಥರ ಮೇಜಿನ ಮೇಲಿಟ್ಟ. ದುರಸ್ತಿ ವಿಭಾಗಕ್ಕೆ ಹೋಗಿ ಕಡತ ತೆಗೆಸಿದ. ಧ್ವನಿ ಕೇಳುತ್ತಿಲ್ಲ ಎಂಬ ದೂರುಗಳು ರಾಶಿ ಬಿದ್ದಿದ್ದವು. ಅಲ್ಲಿಯವರು ಪ್ರತಿ ಫೋನನ್ನೂ ಮೇಜಿನ ಮೇಲಿಟ್ಟು ಬಾರಿಸಿ ನೋಡಿ, 'ಫೋನು ಸರಿಯಿದೆ, ಗ್ರಾಹಕರಿಗೆ ಕಿವಿ ಮಂದ' ಎಂದು ಬರೆದು ಮರಳಿಸಿದ್ದರು. ಎಷ್ಟು ಮನೆಗಳಲ್ಲಿ ಎಷ್ಟು ಜನ ಅದನ್ನು ನಂಬಿ ಬಾಯಿ ಮುಚ್ಚಿ ಕೂತರೋ!

ಮುಖ್ಯಸ್ಥರು ಗಟ್ಟಿಯಾಗಿ ಬೈಯಲೂ ಇಲ್ಲ. ಹಳೆಯ ಹಾಳೆಯೊಂದನ್ನು ತೆಗೆದು ಅವನತ್ತ ತಿರುಗಿಸಿದರು. "ಇದು ಯಾರ ಸಹಿ?"

"ನನ್ನದೇ ಸಾರ್."

"ಮತ್ತೆ? ಮುಂದಿನ ಮಾದರಿ ಬಂದಾಗ ನೋಡೋಣ ಬಿಡಿ."

ಮುಂದಿನ ಮಾದರಿಯಲ್ಲೂ ಸ್ಪೀಕರು ಅಲ್ಲೇ ಇದೆ; ತೂತು ಮಾತ್ರ ಎಂಟಾಗಿದೆ. ಬದಲಾದದ್ದು ಒಂದೇ. ಪೆಟ್ಟಿಗೆಯೊಳಗಿನ ಕೈಪಿಡಿಯಲ್ಲಿ 'ಮಾತನಾಡುವಾಗ ಕೆಳಭಾಗದ ರಂಧ್ರಗಳನ್ನು ಬೆರಳಿನಿಂದ ಮುಚ್ಚಬೇಡಿ' ಎಂಬ ಸಾಲು ಸೇರಿದೆ. ಅದನ್ನು ಓದಲು ನನಗೆ ಕನ್ನಡಕದ ಮೇಲೆ ಭೂತಗನ್ನಡಿಯೂ ಬೇಕಾಯಿತು. ಸೀಮೆಸುಣ್ಣನನ್ನು ಈಗ ಪೆಟ್ಟಿಗೆಗಳ ಅಳತೆ ನೋಡುವ ವಿಭಾಗಕ್ಕೆ ಹಾಕಿದ್ದಾರೆ. ಅಲ್ಲಿ ಕೈಗಳ ಅಗತ್ಯವಿಲ್ಲ.

ಹೆಂಡತಿಗೂ ಎಲ್ಲವನ್ನೂ ಹೇಳಿದ. ಆಕೆ ಕೆಟ್ಟವಳಲ್ಲ. ಪೂರ್ತಿ ಕೇಳಿಸಿಕೊಂಡು ಹೇಳಿದಳಂತೆ: "ಅವರಿಗೆ ಕೇಳಿಸಿರ್ಲಿಲ್ಲ ಅಂತ ಈಗ ಗೊತ್ತಾಯ್ತು. ಆದ್ರೆ ನಂಗೆ ಕೇಳಿಸಿತ್ತಲ್ಲ. ಮೂರು ವರ್ಷ ದಿನಾ ಕೇಳಿಸಿದೆ. ಅದನ್ನ ಎಲ್ಲಿ ಹಾಕ್ಲಿ?"

ಅಕ್ಕನನ್ನು ಮನೆಗೆ ಕರೆಯುವ ಮಾತು ಅಲ್ಲಿಗೇ ನಿಂತಿತು. ಅಕ್ಕನೂ ಹೋಗುತ್ತೇನೆ ಎನ್ನಲಿಲ್ಲ.

ಅವನು ಇನ್ನೊಂದು ಸಲ ಬಂದು, ಪೆಟ್ಟಿಗೆಯಲ್ಲಿದ್ದ ಹಳೆಯ ಫೋನಿಗೆ ಹೊಸ ಬ್ಯಾಟರಿ ಹಾಕಿ ಕೊಟ್ಟುಹೋದ. ಈಗ ಮತ್ತೆ ಭಾನುವಾರ ಹತ್ತಕ್ಕೆ ಅದು ಸದ್ದು ಮಾಡುತ್ತದೆ. ಮೊನ್ನೆ ತರಕಾರಿ ಚೀಲ ಹಿಡಿದು ಬರುತ್ತಿದ್ದವನು ಕಾಲು ನೋವೆಂದು ಅವಳ ಮೆಟ್ಟಿಲ ತುದಿಯಲ್ಲಿ ಕೂತೆ. ಅವನ ಧ್ವನಿ ನನಗೂ ಕೇಳುವಷ್ಟು ಸ್ಪಷ್ಟವಾಗಿತ್ತು.

"ಊಟ ಆಯ್ತಾ ಅಕ್ಕ?"

"ಇಷ್ಟು ಬೇಗ ಎಂಥ ಊಟ? ತಿಂಡಿ ಆಯ್ತು. ನಿಂದು?"

"ಆಯ್ತು."

"ಮಗು?"

"ಓದ್ತಾ ಇದೆ."

ಆಮೇಲೆ ಅತ್ತಲಿಂದ ಏನೂ ಬರಲಿಲ್ಲ. ಮೊದಲು ಹದಿನೈದು ವರ್ಷ ಇವರಿಬ್ಬರು ಗಂಟೆಗಟ್ಟಲೆ ಮಾತಾಡುತ್ತಿದ್ದುದು ಏನನ್ನು ಎಂದು ಯೋಚಿಸಿದೆ. ಅವಳು ಬಾಗಿದ ಕಿರುಬೆರಳನ್ನು ಬಲಗೈಯಿಂದ ಹಿಡಿದು ನೆಟ್ಟಗೆ ಮಾಡುತ್ತ, ಬಿಡುತ್ತ ಕೂತಿದ್ದಳು.

"ಅಕ್ಕ, ಕೇಳಿಸ್ತಾ ಇದ್ಯಾ?"

"ಕೇಳಿಸ್ತಾ ಇದೆ ಕಣೋ. ಹೇಳು."

ಬೀದಿಯಲ್ಲಿ ಒಂದು ಸೈಕಲ್ಲು ಗಂಟೆ ಬಾರಿಸುತ್ತ ಹೋಯಿತು. ಅದು ಅವನಿಗೂ ಕೇಳಿಸಿರಬೇಕು. ಸ್ವಲ್ಪ ಹೊತ್ತು ಕಾದು, ಅವಳೇ "ಎಲ್ಲಾ ಚೆನ್ನಾಗಿರಿ, ಇಡ್ತೀನಿ" ಎಂದಳು.